ಮಗ್ಗ ನಿಂತ ಮಧ್ಯಾಹ್ನ

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳು ನಿಲ್ಲುವುದು ಎರಡೇ ಕಾರಣಕ್ಕೆ: ಕರೆಂಟು ಹೋದರೆ, ಇಲ್ಲವೆ ಯಾರಾದರೂ ಸತ್ತರೆ. ಕರೆಂಟು ಹೋದರೆ ಓಣಿಗೆ ಓಣಿಯೇ ಸುಮ್ಮನಾಗುತ್ತದೆ. ಒಂದೇ ಮನೆಯ ಸದ್ದು ನಿಂತರೆ ಉಳಿದವರು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಡುತ್ತಾರೆ. ಹೀಗಾಗಿ ವೀರಣ್ಣ ಮಗ್ಗ ನಿಲ್ಲಿಸಿರಲಿಲ್ಲ. ಸೀರೆ ಕೊಳ್ಳುವವರು ನಿಲ್ಲಿಸಿದ್ದರು, ಅದು ಬೇರೆ ಮಾತು.

ಮಾರದೆ ಉಳಿದ ಸೀರೆಗಳ ಗಂಟುಗಳಿಂದ ಮೊದಲು ಅಟ್ಟ ತುಂಬಿತು. ಆಮೇಲೆ ಒಳಕೋಣೆ ತುಂಬಿ ಮಂಚ ಪಡಸಾಲೆಗೆ ಬಂತು. ಇಲ್ಲಿ ಗಾಳಿ ಛಲೋ ಬರುತ್ತದೆ ಎಂದು ವೀರಣ್ಣ ಹೇಳಿದ. ಲೋಕಾಪುರದ ವ್ಯಾಪಾರಿ ಬಸಗೊಂಡಪ್ಪ ಮೊದಲೆಲ್ಲ ದರಕ್ಕಾಗಿ ಗಂಟಲು ಹರಿಯುವಂತೆ ಜಗಳವಾಡುತ್ತಿದ್ದ. ಈಗ ಹೇಳಿದ ದರಕ್ಕೆ "ಹೂಂರಿ, ನೋಡೋಣು" ಎಂದು, ಮನೆಮಂದಿಯ ಆರೋಗ್ಯ ವಿಚಾರಿಸಿ, ಸೀರೆ ಒಯ್ಯದೆ ಹೋಗುತ್ತಿದ್ದ. ಇದನ್ನು ವೀರಣ್ಣ ಗೌರವ ಎಂದುಕೊಂಡ.

ಗಂಟುಗಳು ದೇವರ ಕೋಣೆಗೂ ಬಂದವು.

"ದೇವ್ರಿಗೆ ಕೈ ಮುಗಿಯಾಕ ಸೀರಿ ದಾಟಿ ಹೋಗಬೇಕಾತು. ಇನ್ನ ಎಷ್ಟ ನೇಯಾವ್ರದೀರಿ?" ಎಂದಳು ಹೆಂಡತಿ ದಾನಮ್ಮ.

"ಶ್ರಾವಣ ಬರಲಿ, ಎಲ್ಲಾ ಹೊಕ್ಕಾವು."

"ಹೋದ ಶ್ರಾವಣದ್ದು ಇನ್ನೂ ಬುಡಕ್ಕದಾವು."

ಅಷ್ಟರಲ್ಲಿ ನೂಲು ಮುಗಿಯುತ್ತ ಬಂದಿತ್ತು. ಹೊಸ ನೂಲು ತರಬೇಕು. ವೀರಣ್ಣ ದಾನಮ್ಮನ ಕೈಯಲ್ಲಿದ್ದ ಬಂಗಾರದ ಪಾಟ್ಲಿಗಳನ್ನು ನೋಡಿದ. ದಾನಮ್ಮ ವೀರಣ್ಣನನ್ನು ನೋಡಿದಳು. ಮಾತು ಬರುವ ಮೊದಲೇ ಅವಳು ಎದ್ದು ಹೋಗಿ ಮಗ್ಗಗಳ ಸ್ವಿಚ್ ಆರಿಸಿದಳು.

ಪಕ್ಕದ ಮನೆಯ ಮುರಗೆಪ್ಪ ಎಲ್ಲರಿಗಿಂತ ಮೊದಲು ಬಂದ. ಟವೆಲ್ ಹೆಗಲ ಮೇಲಿತ್ತು.

"ಏನಾತೊ ವೀರಣ್ಣಾ? ದೊಡ್ಡವ್ವ ಏನು?"

ವೀರಣ್ಣನ ತಾಯಿ ಶೇವಂತಿ ಕಟ್ಟೆಯ ಮೇಲೆ ಕೂತು ಅಡಿಕೆ ಕುಟ್ಟುತ್ತಿದ್ದಳು. "ನಾ ಇನ್ನೂ ಅದೀನಪಾ. ಅವಸರಿದ್ರ ನೀ ಮುಂದ ಹೋಗು," ಎಂದಳು.

ಬಂದವರು ಹಾಗೆಯೇ ಹೋಗುವಂತಿರಲಿಲ್ಲ. ಗಂಡಸರು ಹೊರಗೆ ಕೂತರು, ಹೆಂಗಸರು ಪಡಸಾಲೆಯಲ್ಲಿ ಸಾಲಾಗಿ ಕೂತರು. ಯಾರೂ ಸತ್ತಿಲ್ಲವೆಂದು ತಿಳಿದ ಮೇಲೆ ಅಳುವುದಕ್ಕೆ ಏನೂ ಇರಲಿಲ್ಲ, ದಾನಮ್ಮ ಚಹಾಕ್ಕಿಟ್ಟಳು. ಆ ಸಾಲನ್ನು ನೋಡುತ್ತ ನಿಂತ ವೀರಣ್ಣನಿಗೆ ಒಂದು ವಿಷಯ ಕಂಡಿತು. ಎಲ್ಲರೂ ನೇಕಾರರ ಮನೆಯವರು. ಒಬ್ಬರ ಮೈಮೇಲೂ ಓಣಿಯ ಸೀರೆ ಇಲ್ಲ. ಎಲ್ಲವೂ ಹೊರಗಿನ ಪಾಲಿಯೆಸ್ಟರ್. ಚಹಾ ಹಿಡಿದು ಬಂದ ದಾನಮ್ಮನದೂ ಅದೇ.

"ಯಾಕ್ರಿ, ಒಬ್ಬರೂ ನಮ್ಮ ಸೀರಿ ಉಟ್ಟಿಲ್ಲಲ್ಲ?" ಎಂದು ಕೇಳಿದ.

ಮುರಗೆಪ್ಪನ ಹೆಂಡತಿ ಮಂಗಲಾ ಚಹಾದ ಬಸಿಯನ್ನು ಕೆಳಗಿಟ್ಟಳು. "ಒಗದ್ರ ಲಗೂ ಒಣಗೂದಿಲ್ಲ. ಒಣಗಿದ್ರ ಇಸ್ತ್ರಿ ಬೇಡತೈತಿ. ಉಟ್ಕೊಂಡು ಕೆಲಸಾ ಮಾಡಾಕ ಭಾರ. ನಮ್ಮ ಮನೀದೂ ಅಷ್ಟ, ನಾ ಉಡೂದು ಬಿಟ್ಟು ಭಾಳ ದಿನ ಆತು."

ಮುರಗೆಪ್ಪ ಹೊರಗಿನಿಂದ ಕತ್ತು ಚಾಚಿದ. "ನನಗ ಯಾವತ್ತೂ ಹೇಳಿಲ್ಲಲ್ಲ ನೀ?"

"ಆ ಸದ್ದಿನ್ಯಾಗ ಹೇಳಿದ್ರ ಕೇಳತಿತ್ತೇನ್ರಿ?"

ಪಾಟ್ಲಿಗಳು ದಾನಮ್ಮನ ಕೈಯಲ್ಲೇ ಉಳಿದವು. ವೀರಣ್ಣ ಗಂಟುಗಳನ್ನು ಬಂದ ದರಕ್ಕೆ ಬಿಟ್ಟ. ಜಗಳವಿಲ್ಲದೆ ಒಪ್ಪಿದ್ದು ಈ ಸಲ ಅವನು. ಅರ್ಧ ಮಗ್ಗಗಳನ್ನು ಮಾರಿದ. ಉಳಿದವುಗಳಲ್ಲಿ ಒಂದರ ಮೇಲೆ ಹಗುರ ನೂಲಿನ ಸೀರೆಯೊಂದನ್ನು ನೇಯ್ದು, ಬಸಗೊಂಡಪ್ಪನಿಗಿಂತ ಮೊದಲು ಮಂಗಲಾಳಿಗೆ ಕೊಟ್ಟು, ಉಟ್ಟು ಒಗೆದು ಹೇಳು ಎಂದ. ಸೆರಗು ಗಿಡ್ಡವಾಯಿತು ಎಂದಳು. ಮತ್ತೊಂದನ್ನು ನೇಯ್ದ.

ದೀಪಾವಳಿಯ ಮುಂದೆ ಒಂದು ಬೆಳಿಗ್ಗೆ ಮುರಗೆಪ್ಪನ ಮನೆಯ ಸದ್ದು ನಿಂತಿತು. ವೀರಣ್ಣ ಗೂಟದ ಮೇಲಿನ ಟವೆಲ್ ತೆಗೆದುಕೊಂಡ, ಸ್ವಲ್ಪ ಯೋಚಿಸಿ ಮತ್ತೆ ಅಲ್ಲೇ ಹಾಕಿದ. ಬರಿಗೈಯಲ್ಲಿ ಹೋಗಿ ಬಾಗಿಲಲ್ಲಿ ನಿಂತ.

"ಮಂಚ ಎಲ್ಲಿಗೆ ಬಂದೈತೊ?"

"ಪಡಸಾಲಿಗೆ," ಎಂದ ಮುರಗೆಪ್ಪ.

"ದೇವ್ರ ಕ್ವಾಣಿ?"

"ಖಾಲಿ ಐತಿ."

"ಹಂಗಾರ ಲಗೂನ ನಿಲ್ಲಿಸೀದಿ ಬಿಡು," ಎಂದು ವೀರಣ್ಣ ಒಳಗೆ ಹೋಗಿ ಕೂತ.