ಹೊಟ್ಟು ಹಾರಿದ ದಿಕ್ಕು

ಬೈಲಹೊಂಗಲದ ಅರಳೆ ವ್ಯಾಪಾರಿ ಅಂದಾನೆಪ್ಪ, ಶ್ರಾವಣದಲ್ಲಿ ತುಂಬಿ ಹರಿಯುತ್ತಿದ್ದ ಹಳ್ಳವನ್ನು ಅಳೆದು, ಅದರ ಭರವಸೆಯ ಮೇಲೆ ವಿದ್ಯುತ್ತು ಹುಟ್ಟಿಸುವ ಡೈನಮೊ ಒಂದನ್ನು ಮುಂಬಯಿಯಿಂದ ತರಿಸಿದ್ದ. ಅದು ಬಂಡಿಯೇರಿ ಮನೆ ಮುಟ್ಟುವ ಹೊತ್ತಿಗೆ ಮಾಘಮಾಸ. ಹಳ್ಳದ ಒಣ ಮರಳಿನಲ್ಲಿ ಕುರಿಗಳು ಮಲಗಿದ್ದವು.

"ನನ್ನ ಕೇಳಿದ್ರ ಹೇಳ್ತಿದ್ದೆನಲ್ರಿ," ಎಂದು ಹೆಂಡತಿ ರಾಚವ್ವ ನಕ್ಕಳು. "ಆ ಹಳ್ಳದ ನೀರು ಎಂದಾರ ಶಿವರಾತ್ರಿ ಕಂಡೈತೇನು?"

ನಗುವ ಆ ಕಣ್ಣುಗಳಿಗಾಗಿಯೇ ಈ ಸಾಹಸವೆಲ್ಲ. ವರ್ಷದಿಂದ ಅವು ಮಬ್ಬಾಗುತ್ತಿದ್ದವು. ಯುಗಾದಿಗೆ ಮಗಳ ಹೆರಿಗೆ. ಹುಟ್ಟುವ ಕೂಸಿಗೆಂದು ರಾಚವ್ವ ಹೊಲಿಯುತ್ತಿದ್ದ ಕೌದಿ ಅರ್ಧಕ್ಕೆ ನಿಂತಿತ್ತು. ಹಗಲೆಲ್ಲ ಮನೆಗೆಲಸ, ಸಂಜೆಯ ಎಣ್ಣೆದೀಪದಲ್ಲಿ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ.

ನೀರಿಲ್ಲದಿದ್ದರೆ ಗಾಳಿಯೆಂದು ಅಂದಾನೆಪ್ಪ ಬಡಿಗನಿಂದ ಗಾಳಿಚಕ್ರ ಮಾಡಿಸಿ ಮಾಳಿಗೆಯ ಮೇಲೆ ನಿಲ್ಲಿಸಿದ. ಎಂಟು ದಿನ ಕಳೆದರೂ ಅದು ಅಲುಗಲಿಲ್ಲ. ಮೂಡಗಾಳಿಗೆ ಹಿತ್ತಲಿನ ಹುಣಸೆಮರ ಅಡ್ಡವಾಗಿತ್ತು. ಅವನು ಆಳು ಶಟ್ಟೆಪ್ಪನ ಕೈಗೆ ಕೊಡಲಿ ಕೊಟ್ಟ.

ರಾಚವ್ವ ಓಡಿ ಬಂದು ಬೊಡ್ಡೆಗೆ ಬೆನ್ನುಕೊಟ್ಟು ನಿಂತಳು. ಮೂರು ಮಕ್ಕಳ ತೊಟ್ಟಿಲನ್ನು ಅವಳು ಕಟ್ಟಿದ್ದು ಆ ಮರದ ಕೊಂಬೆಗೇ.

"ಸರಿ ಅತ್ತಾಗ. ನಿನಗ ಬೆಳಕು ಬ್ಯಾಡೇನು?"

"ಬೇಕ್ರಿ. ಇದನ್ನ ಕಡದು ಬ್ಯಾಡ. ಮುಂಬೈ ತನಕ ಕೇಳಿದ್ರಿ, ರಾಶಿ ತೂರೋ ಹೆಂಗಸಿಗೆ ಗಾಳಿ ಎಲ್ಲೈತಿ ಅಂತ ಕೇಳಲಿಲ್ಲ. ಬರ್ರಿ ನನ್ನ ಕೂಡ."

"ಹೋಗಿ ಬರ್ರಿ ಧಣೇರ," ಎಂದ ಶಟ್ಟೆಪ್ಪ, ಕೊಡಲಿ ಕೆಳಗಿಟ್ಟು. "ನಾನೂ ಅಷ್ಟೊತ್ತು ನೆರಳಾಗ ಕುಂದರತೇನಿ."

ಅವಳು ಸೆರಗಿನಲ್ಲಿ ಜೋಳದ ಹೊಟ್ಟು ಕಟ್ಟಿಕೊಂಡಳು. ಹಿತ್ತಲಿನಲ್ಲಿ ಒಂದು ಹಿಡಿ ಬಿಟ್ಟಳು. ಅದು ಅವಳ ಪಾದದ ಮೇಲೆಯೇ ಬಿತ್ತು. ಊರಾಚೆಯ ದಿಬ್ಬದ ಕಣದಲ್ಲಿ ಇನ್ನೊಂದು ಹಿಡಿ ಎತ್ತಿ ಬಿಟ್ಟಾಗ, ಹೊಟ್ಟು ಹಾರಿ ಹೋಗಿ ಅಂದಾನೆಪ್ಪನ ರುಮಾಲಿನ ತುಂಬ ಕೂತಿತು.

"ಮಾವನೋರು ಇಲ್ಲಿ ಸುಮ್ನ ಕಣಾ ಮಾಡ್ಯಾರೇನ್ರಿ?"

ಅವನು ರುಮಾಲು ಕೊಡವಿದ. "ಖರೇ. ಆದ್ರ ತಂತಿ ಇರೂದು ಇಪ್ಪತ್ತ ಮಾರು. ಬೆಳಕು ಮನಿ ಮುಟ್ಟೂದಿಲ್ಲ."

"ಅದು ಮನಿಗೆ ಬರದಿದ್ರ ನಾವ ಅದರ ಹಂತ್ಯಾಕ ಬಂದ್ರಾತು."

ಗಾಳಿಚಕ್ರವನ್ನೂ ಡೈನಮೊವನ್ನೂ ದಿಬ್ಬಕ್ಕೆ ಸಾಗಿಸಿದ ಮೂರನೆಯ ಸಂಜೆ ಕಣದ ಗುಡಿಸಲಿನಲ್ಲಿ ದೀಪ ಹೊತ್ತಿತು. ರಾಚವ್ವ ಮೊದಲ ಸಲಕ್ಕೇ ದಾರ ಪೋಣಿಸಿದಳು. ಆಮೇಲೆ ತಲೆಯೆತ್ತಿ ಗಂಡನನ್ನು ನೋಡಿದಳು.

"ಅಯ್ಯ, ನಿಮ್ಮ ಮೀಸಿ ಯಾವಾಗ ಬೆಳ್ಳಗಾತ್ರಿ?"

"ಹಳ್ಳಾ ಅಳೆಯೂದ್ರಾಗ."

ಗಾಳಿ ಇಳಿದಾಗ ದೀಪವೂ ಕುಗ್ಗುತ್ತಿತ್ತು. ಆಗ ಅವಳು ಸೂಜಿ ನಿಲ್ಲಿಸಿ, ಮೂಡಲಿಗೆ ಕೆನ್ನೆಯೊಡ್ಡಿ, "ಬಂತು ನೋಡ್ರಿ" ಎನ್ನುತ್ತಿದ್ದಳು. ಅವಳೆಂದ ಮೇಲೆ ಚಕ್ರ ತಿರುಗುತ್ತಿತ್ತು. ಯುಗಾದಿಗೆ ಇನ್ನೂ ಇಪ್ಪತ್ತು ದಿನ; ಕೌದಿಯಲ್ಲಿ ಹೊಲಿಯಲು ಉಳಿದದ್ದು ನಾಲ್ಕು ಗೇಣು ಮಾತ್ರ.