ಏಳನೆಯ ಎಳೆ

ತೊಂಬತ್ತೊಂಬತ್ತರ ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ. ನಳಿನಿ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಪ್ರಬಂಧ ಬರೆಯುತ್ತಿದ್ದಳು. ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ, ಆಪರೇಷನ್ ಮಾಡುವ ಡಾಕ್ಟರ ಕೈಗೆ ಕತ್ತರಿ, ಸೂಜಿ ಎತ್ತಿಕೊಡುವ ಕೆಲಸ ಅವಳದು. ಸಿಕ್ಕಿ ಎಂಟೇ ತಿಂಗಳು. ಸಂಜೆ ಕಾಲೇಜಿನ ಓದು ಇನ್ನೂ ಮುಗಿದಿರಲಿಲ್ಲ. ಸೋಮವಾರ ಆರ್ಚಿಬಾಲ್ಡ್ ಕ್ಯಾರಿಕ್ ಎಂಬ ಹದಿನೆಂಟನೆಯ ಶತಮಾನದ ಸ್ಕಾಟಿಷ್ ಶಸ್ತ್ರವೈದ್ಯನ ಜೀವನ ಬರೆದು ಕೊಡಬೇಕಿತ್ತು.

ನೇಕಾರನ ಮಗ ಕ್ಯಾರಿಕ್ ಹದಿನಾಲ್ಕಕ್ಕೇ ಶಸ್ತ್ರವೈದ್ಯನೊಬ್ಬನ ಹತ್ತಿರ ಕೆಲಸ ಕಲಿಯಲು ಸೇರಿದ. ಯುದ್ಧದ ಹಡಗಿನಲ್ಲಿ ಆರು ವರ್ಷ ಗಾಯಾಳುಗಳ ಕೈಕಾಲು ಕತ್ತರಿಸಿದ. ಆಮೇಲೆ ಎಡಿನ್‌ಬರೋದಲ್ಲಿ ದೊಡ್ಡ ಹೆಸರು ಮಾಡಿದ. ಕಾಲು ತೆಗೆದ ಮೇಲೆ ರಕ್ತನಾಳಗಳನ್ನು ಜೇನುಮೇಣ ಹಚ್ಚಿದ ದಾರದಿಂದ ಬಿಗಿದು, ಪ್ರತಿ ದಾರದ ತುದಿಯನ್ನು ಗಾಯದ ಹೊರಗೆ ಇಳಿಬಿಡುವುದು ಆಗಿನ ಪದ್ಧತಿ. ದಿನಾ ಮೆಲ್ಲಗೆ ಎಳೆದು ನೋಡಬೇಕು. ಒಳಗೆ ಮಾಗಿದಾಗ ದಾರ ಕಳಚಿ ಬರುತ್ತದೆ, ಬಂದ ಎಳೆಗಳನ್ನು ಎಣಿಸಬೇಕು. ಒಬ್ಬ ಬಡಗಿಯ ಕಾಲಿಗೆ ಏಳು ಕಟ್ಟಿದ್ದ, ಆರು ಬಂದವು. ಶಿಷ್ಯರೆಲ್ಲ ನೋಡುತ್ತಿದ್ದರು, ಕ್ಯಾರಿಕ್ ಏಳೂ ಬಂದವು ಎಂದೇ ಬರೆದ. ಹನ್ನೊಂದನೆಯ ದಿನ ಬಡಗಿ ರಕ್ತ ಹರಿದು ಸತ್ತ. ಸಾಯುವ ಮುಂಚೆ ಕ್ಯಾರಿಕ್ ಇದನ್ನು ತಾನೇ ಬರೆದಿಟ್ಟಿದ್ದಾನೆ. ಕೊನೆಯ ವರ್ಷಗಳಲ್ಲಿ ಕಿಟಕಿಯ ಪಕ್ಕ ಕೂತು, ಇಲ್ಲದ ದಾರವನ್ನು ಎರಡು ಬೆರಳಿನಲ್ಲಿ ಎಳೆಯುತ್ತಿದ್ದನಂತೆ.

ಅಲ್ಲಿಗೆ ಬಂದಾಗ ನಳಿನಿಯ ಎಡಗೈಯ ತೋರುಬೆರಳನ್ನು ಏನೋ ಜಗ್ಗಿತು.

"ರೀ, ನನ್ನ ಬೆರಳಿಗೆ ದಾರ ಸಿಕ್ಕೊಂಡದೇನು ನೋಡ್ರಿ."

ಗಂಡ ಜಯತೀರ್ಥ ಬಂದು ನೋಡಿದ. "ಏನೂ ಇಲ್ಲಲ್ಲ. ನಿನ್ನ ಕ್ಯಾರಿಕ್ ಸತ್ತು ಇನ್ನೂರು ವರ್ಷ ಆತು, ಅವಗೇನ್ ಅವಸರ ಇಲ್ಲ. ಎದ್ದು ಉಣ್ಣು ಬಾ."

ಮತ್ತೆ ಜಗ್ಗಿತು. ಹೆಬ್ಬೆರಳು ತನ್ನಷ್ಟಕ್ಕೆ ಗೆಣ್ಣಿನಿಂದ ಗೆಣ್ಣಿಗೆ ನಡೆಯತೊಡಗಿತು. ಅಜ್ಜಿ ಸೀತಾಬಾಯಿ ಕಲಿಸಿದ ಜಪದ ಎಣಿಕೆ ಅದು: ಉಂಗುರಬೆರಳ ನಡುವಿನಿಂದ ಹೊರಟು ಸುತ್ತಿ ಬಂದು, ತೋರುಬೆರಳ ಬುಡ ಮುಟ್ಟಿದರೆ ಹತ್ತು. ಆಪರೇಷನ್ನಿನಲ್ಲಿ ರಕ್ತ ಹೀರುವ ಬಟ್ಟೆಗಳನ್ನೂ ನಳಿನಿ ಹಾಗೆಯೇ, ಕೈಗವಸಿನೊಳಗೆ, ಎಣಿಸುತ್ತಿದ್ದಳು. ಬಾಯಿ ತಪ್ಪಿದರೂ ಬೆರಳು ತಪ್ಪುವುದಿಲ್ಲ ಎಂಬ ಧೈರ್ಯ.

ಹೆಬ್ಬೆರಳು ನಡುಬೆರಳ ತುದಿಯಲ್ಲಿ ನಿಂತಿತು. ಏಳು.

ನಿನ್ನೆ ಬೆಳಿಗ್ಗೆ ಮಿಸೆಸ್ ಹೆರೆರಾ ಎಂಬ ಮುದುಕಿಯ ಹೊಟ್ಟೆ ಹೊಲಿಯುವ ಮುಂಚೆ, ಒಳಗಿಟ್ಟಿದ್ದ ಹತ್ತು ಬಟ್ಟೆಗಳನ್ನು ಮರಳಿ ಎಣಿಸುವಾಗ, ಇದೇ ಏಳರ ಹತ್ತಿರ, ಡಾಕ್ಟರು ಸೂಜಿ ಕೇಳಿದ್ದರು. ಕೊಟ್ಟು ತಿರುಗಿದಾಗ ಹೆಬ್ಬೆರಳು ತೋರುಬೆರಳ ತುದಿಯಲ್ಲಿತ್ತು. ಎಂಟು ಆಯಿತೆಂದುಕೊಂಡು ಅಲ್ಲಿಂದ ಮುಂದಕ್ಕೆ ಎಣಿಸಿದ್ದಳು. ಜೊತೆಗೆ ಎಣಿಸಬೇಕಾಗಿದ್ದ ನರ್ಸು ಯಾರದೋ ಫೋನಿನಲ್ಲಿದ್ದಳು, ಅಲ್ಲಿಂದಲೇ "ಹತ್ತಾ?" ಎಂದಳು. ಬೆರಳು ಬುಡ ಮುಟ್ಟಿತ್ತು. ನಳಿನಿ "ಹತ್ತು" ಎಂದಳು.

ನಳಿನಿ ಪೆನ್ನು ಕೆಳಗಿಟ್ಟಳು. "ರೀ, ಒಂಬತ್ತಿದ್ವೋ ಏನೋ. ಒಂದು ಒಳಗ ಉಳದದ."

"ಖಾತ್ರಿ ಅದ ಏನು?"

"ಇಲ್ಲ."

"ಖಾತ್ರಿ ಇಲ್ಲದೇ ಆಸ್ಪತ್ರಿಗೆ ಫೋನ್ ಮಾಡ್ತೀ? ಎಣಿಕಿ ಸರಿ ಅದ ಅಂತ ಡಾಕ್ಟರು ಸೈನ್ ಮಾಡ್ಯಾರ. ಹುಚ್ಚಿ ಅಂತಾರ ನಿನಗ. ಕೆಲಸಾ ಹೋತು, ಓದೂ ಹೋತು."

ಅವನ ಮಾತು ಸುಳ್ಳಲ್ಲ. ತನಗೆ ಹೆದರಿಕೆ ಜಾಸ್ತಿ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ದಿನಾ ಮೂರು ಸಲ ನೋಡುವವಳು. ಇದೂ ಅದೇ ಇರಬಹುದು. ಪೆನ್ನು ಎತ್ತಿಕೊಂಡಳು. ಎಳೆತ ಈಗ ಬಿಗಿಯಾಯಿತು. ತೋರುಬೆರಳ ತುದಿ ಕಣ್ಣೆದುರಿಗೇ ಬಿಳಿಚಿಕೊಂಡು, ಸುತ್ತಲೂ ಕೂದಲಿನಷ್ಟು ಸಣ್ಣ ಗೆರೆ ಬಿದ್ದಿತು. ಜಯತೀರ್ಥನೂ ಅದನ್ನು ನೋಡಿದ. ಫೋನ್ ತಂದು ಅವಳ ಮುಂದಿಟ್ಟ.

ನಳಿನಿ ಆಸ್ಪತ್ರೆಯವರಿಗೆ ಎಲ್ಲವನ್ನೂ ಹೇಳಿದಳು. ತನ್ನ ಹೆಸರು, ಬೆರಳಿನ ಎಣಿಕೆ, ನಡುವೆ ತಪ್ಪಿದ ಗೆಣ್ಣು. ಆ ಕಡೆಯವರು "ಎಕ್ಸ್‌ರೇ ಮಾಡಿಸುತ್ತೇವೆ" ಎಂದರು.

ನಾಲ್ಕು ಗಂಟೆಗೆ ಫೋನ್ ಬಂತು. ಆ ಬಟ್ಟೆಗಳಲ್ಲಿ ಎಕ್ಸ್‌ರೇಗೆ ಕಾಣಲೆಂದೇ ಒಂದು ನೀಲಿ ದಾರ ನೇಯ್ದಿರುತ್ತಾರೆ. ಅದು ಮುದುಕಿಯ ಬಲ ಪಕ್ಕೆಲುಬಿನ ಕೆಳಗೆ ಸುರುಳಿ ಸುತ್ತಿಕೊಂಡು ಕಾಣುತ್ತಿದೆ, ಈಗಲೇ ತೆಗೆಯುತ್ತಿದ್ದಾರೆ. ಸೋಮವಾರ ನಳಿನಿ ಕೆಲಸಕ್ಕೆ ಬರುವುದು ಬೇಡ, ಮೊದಲು ವಿಚಾರಣೆ.

ಐದೂವರೆಯ ಹೊತ್ತಿಗೆ ಬೆರಳು ಒಮ್ಮೆಲೇ ಸಡಿಲವಾಯಿತು, ಉದ್ದದ ಎಳೆಯೊಂದು ಪೂರ್ತಿ ಕಳಚಿ ಬಂದ ಹಾಗೆ. ಮಿಸೆಸ್ ಹೆರೆರಾಳ ಹೊಟ್ಟೆಯಿಂದ ಬಟ್ಟೆ ತೆಗೆದಾಯಿತೆಂದು ಫೋನ್ ಬಂದದ್ದು ಆಮೇಲೆ.

ಜಯತೀರ್ಥ ಅವಳ ಕೈ ಹಿಡಿದು ಮೂಗಿನ ಹತ್ತಿರ ತಂದ. "ಏನ್ ಹಚ್ಚಿಕೊಂಡೀ ಇದಕ್ಕ?"

ನಳಿನಿಯೂ ಮೂಸಿ ನೋಡಿದಳು. ಬೆರಳು ಜೇನುಮೇಣದ ವಾಸನೆ ಹೊಡೆಯುತ್ತಿತ್ತು.