ಗೋಡೆಗೆ ಅಂಟಿಸಿದ ಹಾಳೆ

ಗಾರೆ ಮೇಸ್ತ್ರಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಬೇಡಪ್ಪ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ನಿವೃತ್ತಳಾದ ಅಕ್ಕ ಕೊಳ್ಳಲೆಂದು ತೋರಿಸಿದ ನಾಲ್ಕು ಮನೆಗಳನ್ನೂ ಅವನು ಬೇಡ ಎಂದಿದ್ದ. ಒಂದರ ಸಜ್ಜಾ ಸರಿಯಿಲ್ಲ, ಇನ್ನೊಂದರ ಮೆಟ್ಟಿಲು ಕಡಿದು, ಮೂರನೆಯದಕ್ಕೆ ಬೆಳಕು ಸಾಲದು, ನಾಲ್ಕನೆಯದಕ್ಕೆ ಕಾರಣ ಹೇಳುವ ಗೋಜಿಗೂ ಹೋಗಿರಲಿಲ್ಲ. ಸ್ವರ್ಗವನ್ನೇ ಕೊಟ್ಟರೂ ಮೊದಲು ಗೋಡೆ ಕುಟ್ಟಿ ನೋಡುವ ಆಸಾಮಿ.

ಐದನೆಯದು ಈ ಮನೆ. ಮೇಲೆ ಎರಡು ಮಹಡಿ, ಕೆಳಗೆ ನೆಲಮಾಳಿಗೆ. ಮೇಲಿನವೆರಡನ್ನೂ ಬಾಡಿಗೆಗೆ ಕೊಟ್ಟು ಕೆಳಗೆ ತಾನಿರಬೇಕೆಂದು ಅಕ್ಕನ ಆಸೆ. ಉಬ್ಬಸದ ಹೆಂಗಸು. ಅಳಿಯನ ಮುಖ ನೋಡಿಕೊಂಡು ಮಗಳ ಮನೆಯಲ್ಲಿ ಇನ್ನೊಂದು ವರ್ಷ ಕಳೆಯಲು ಅವಳಿಗೆ ಮನಸ್ಸಿರಲಿಲ್ಲ. ಕೂಡಿಟ್ಟದ್ದೆಲ್ಲ ಇದಕ್ಕೇ.

ಮಂಗಳವಾರ ಬೇಡಪ್ಪ ನೆಲಮಾಳಿಗೆಗೆ ಇಳಿದ. ಮೊಣಕಾಲೆತ್ತರದವರೆಗೆ ಮಾತ್ರ ಹೊಸ ಬಣ್ಣ. ಉಗುರಿನಿಂದ ಕೆರೆದರೆ ಹಿಟ್ಟಿನಂಥ ಬಿಳಿ ಉಪ್ಪು ಉದುರಿತು.

"ಬೀಗ ಹಾಕಿತ್ತಲ್ಲ, ಗಾಳಿಯಾಡದೆ ಹಂಗಾಗಿದೆ," ಎಂದ ಜೊತೆಗೆ ಬಂದಿದ್ದ ದಲ್ಲಾಳಿ.

ಬೇಡಪ್ಪ ಗೇಣಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದ. "ಎರಡು ದಿನ ಯಾರೂ ಮುಟ್ಬೇಡಿ. ಹಾಳೆ ಹೊರಗಡೆ ಪಸೆ ಬಂದ್ರೆ ಕೋಣೆ ಗಾಳೀದು, ಕಿಟಕಿ ತೆಗೆದಿಟ್ರೆ ಸಾಕು. ಒಳಗಡೆ ಬಂದ್ರೆ ಮಣ್ಣಿಂದ ಬರ್ತಿದೆ ಅಂತ. ಅದಕ್ಕೆ ಮದ್ದಿಲ್ಲ."

ಗುರುವಾರ ಅಕ್ಕ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಬೈಬೇಡ ಕಣೋ. ನಿನ್ನೆ ರಿಜಿಸ್ಟ್ರಿ ಮಾಡಿಸ್ಬಿಟ್ಟೆ. ಇನ್ಯಾರೋ ಬರ್ತಿದ್ರಂತೆ. ನಿನ್ನ ಕೇಳಿದ್ರೆ ಬೇಡ ಅಂತೀಯ, ಅದು ಗೊತ್ತಿರೋದೇ ಅಲ್ವಾ?"

ಕೋಪ ನೆತ್ತಿಗೇರಿ ಅಷ್ಟೇ ಬೇಗ ಇಳಿಯಿತು. ನಾಲ್ಕು ಸಲ ಬೇಡ ಎಂದದ್ದರಲ್ಲಿ ನಾಲ್ಕೂ ಬಾಯಿಚಟಕ್ಕೆ ಅಂದದ್ದೆಂದು ಅವನಿಗೇ ಗೊತ್ತಿತ್ತು. ಆ ಮನೆಗಳಲ್ಲಿ ಈಗ ಜನ ಬೆಚ್ಚಗಿದ್ದಾರೆ.

ಒಬ್ಬನೇ ಇಳಿದುಹೋದ. ಹಾಳೆಯ ಒಳಮೈಯಲ್ಲಿ ನೀರು ಮಣಿಗಟ್ಟಿ, ಕೆಳಗಿನ ಅಂಚಿನಲ್ಲಿ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಹೊರಗಿನಿಂದ ಅಗೆದು ನೀರು ಜಿನುಗದಂತೆ ಗೋಡೆ ಬಿಗಿ ಮಾಡೋಣವೆಂದರೆ ಮೂರು ಕಡೆ ಪಕ್ಕದವರ ಕಟ್ಟಡ. ಅಕ್ಕ ಮೇಲಿರಲಿ ಎಂದರೆ ಒಂದೇ ಬಾಡಿಗೆಯಲ್ಲಿ ಅವಳ ಮಾತ್ರೆಯೂ ಊಟವೂ ಸಾಗುವುದಿಲ್ಲ. ಮಾರೋಣವೆಂದರೆ ಅಕ್ಕನಂಥವಳೇ ಇನ್ನೊಬ್ಬಳು ಸಿಗಬೇಕು. ಅವನಿಗೆ ತನ್ನ ನಾಲಿಗೆಯ ಮೇಲೆಯೇ ಅಸಹ್ಯವಾಯಿತು. ಹಾಳೆ ಕಿತ್ತು ಜೇಬಿಗೆ ತುರುಕಿದ.

"ಏನಂತೆ ಗೋಡೆ?" ಮೇಲಿನಿಂದ ಅಕ್ಕ.

"ಒಣಗಿದೆ ಅಕ್ಕ. ಮನೆ ಚೆನ್ನಾಗಿದೆ."

"ಅಯ್ಯೋ, ನಿನ್ನ ಬಾಯಲ್ಲೂ ಚೆನ್ನಾಗಿದೆ ಅಂತ ಬಂತಲ್ಲೋ!" ಅವಳು ನಗುತ್ತ ಇಳಿದುಬಂದು, ಒಲೆ ಎಲ್ಲಿ, ಕಪಾಟು ಎಲ್ಲಿ ಎಂದು ಕೈ ತೋರಿಸುತ್ತ ಕೋಣೆ ತುಂಬ ಓಡಾಡಿದಳು. "ಮಂಚ ಈ ಗೋಡೆಗೆ ಹಾಕ್ತೀನಿ."

"ಗೋಡೆಗೆ ತಾಗಿಸ್ಬೇಡ ಅಕ್ಕ. ಸ್ವಲ್ಪ ಈಚೆಗಿರ್ಲಿ."

ಅಕ್ಕನ ಕೈ ಅಲ್ಲೇ ನಿಂತಿತು. ರೋಗಿಗಳಿಗೆ ಡಾಕ್ಟರು ಹೇಳುವ ಸಮಾಧಾನವನ್ನು ಮೂವತ್ತು ವರ್ಷ ಪಕ್ಕದಲ್ಲೇ ನಿಂತು ಕೇಳಿದವಳು ಅವಳು.

"ಎಷ್ಟು ಈಚೆಗೆ?" ಎಂದು ಮೆಲ್ಲಗೆ ಕೇಳಿದಳು.

ಬೇಡಪ್ಪ ನಾಲ್ಕೂ ಗೋಡೆಗಳನ್ನು ನೋಡಿದ. ಆಮೇಲೆ ಕೋಣೆಯ ನಟ್ಟನಡುವೆ ಹೋಗಿ ನಿಂತು, "ಇಲ್ಲಿಗೆ" ಎಂದ.